ಅತ್ತೆಯ ಅಜ್ಜಿಯ ಊರು ಹುಡುಕಿಕೊಂಡು: ಸ್ಲೊವಾಕಿಯಾದ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗುವವರಿಗೆ

2003ರಲ್ಲಿ ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ನನ್ನ ಮದುವೆ ಆಯಿತು. ಅವತ್ತು ನಮ್ಮಪ್ಪ ಅಮೆರಿಕದಿಂದ ಬಂದ ಬೀಗಿತ್ತಿಯನ್ನು ಪಡಸಾಲೆಯಲ್ಲಿ ಕೂರಿಸಿ ಕೇಳಿದ ಮೊದಲ ಮಾತು, "ಬೀಗಿತ್ತೇರ, ನಿಮ್ಮ ಮೂಲ ಊರು ಯಾವುದ್ರಿ?" ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅತ್ತೆ "ಪಿಟ್ಸ್‌ಬರ್ಗ್" ಅಂದರು. "ಅದು ಈಗ ಇರೂ ಊರಾತು. ಮೂಲ ಊರು?" ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜಿ ಒಮ್ಮೆ ಹಂಗೇರಿ ಅನ್ನೋರು, ಒಮ್ಮೆ ಆಸ್ಟ್ರಿಯಾ ಅನ್ನೋರು. ಆದರೆ ನಾವು ಸ್ಲೊವಾಕರು" ಅಂದರು. ಅಪ್ಪ ತಲೆಯಾಡಿಸಿದರು, ಆದರೆ ಅವರಿಗೆ ಸಮಾಧಾನವಾಗಿರಲಿಲ್ಲ. ನಮ್ಮ ಮನೆಗೆ ಕೆಲವು ವರ್ಷಕ್ಕೊಮ್ಮೆ ಹೆಳವರು ಬಂದು ಕಟ್ಟೆಯ ಮೇಲೆ ಕೂತು ನಮ್ಮ ತಲೆಮಾರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು. ಯಾವ ಊರಿಂದ ಬಂದೆವು, ಏಕೆ ಬಂದೆವು ಎಂಬುದೆಲ್ಲ ಅವರ ಹೊತ್ತಿಗೆಯಲ್ಲಿ ಇತ್ತು. ಊರೇ ಗೊತ್ತಿಲ್ಲದ ಮನೆತನವನ್ನು ಅಪ್ಪ ಅದುವರೆಗೆ ಕಂಡಿರಲಿಲ್ಲ.

ಆ ಪ್ರಶ್ನೆ ಇಪ್ಪತ್ತು ವರ್ಷ ನಮ್ಮ ಮನೆಯಲ್ಲೇ ಉಳಿಯಿತು. 2023ರ ಸೆಪ್ಟೆಂಬರಿನಲ್ಲಿ ಎಪ್ಪತ್ತೈದು ವರ್ಷದ ಅತ್ತೆ, ನನ್ನ ಗಂಡ ಮತ್ತು ನಾನು ಪೂರ್ವ ಸ್ಲೊವಾಕಿಯಾಕ್ಕೆ ಹೋಗಿಬಂದೆವು. ಹತ್ತು ದಿನ, ಒಂದು ಬಸ್ಸು, ಇಪ್ಪತ್ತೊಂಬತ್ತು ಜನ. ಎಲ್ಲರೂ ಅಜ್ಜ-ಅಜ್ಜಿಯರ ಊರು ನೋಡಲು ಹೊರಟವರೇ. ಈಗ ನನಗೆ ಗೊತ್ತಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಇಂಥ ಬೀಗರು, ಅಳಿಯಂದಿರು, ಸೊಸೆಯಂದಿರು ಇದ್ದಾರೆ. ಮಕ್ಕಳಿಗೆ ಒಂದು ಕಡೆಯ ಊರು ಗೊತ್ತು, ಇನ್ನೊಂದು ಕಡೆಯದು ಗೊತ್ತಿಲ್ಲ. ಅಂಥವರು ಹೊರಡುವ ಮುಂಚೆ ಏನು ಮಾಡಬೇಕು ಎಂದು ನಾನು ಕಲಿತದ್ದನ್ನು ಬರೆಯುತ್ತೇನೆ.

ಮೊದಲೇ ಒಂದು ಮಾತು. ಹತ್ತು ದಿನದ ಪ್ರವಾಸದಲ್ಲಿ ನಿಮ್ಮ ಊರು ನಿಮಗೆ ಸಿಗುವುದು ಮೂರೋ ನಾಲ್ಕೋ ಗಂಟೆ ಮಾತ್ರ. ಮಿಕ್ಕ ದಿನಗಳಲ್ಲಿ ಕೋಟೆ, ಚರ್ಚು, ಬೇರೆಯವರ ಊರು. ಆ ನಾಲ್ಕು ಗಂಟೆ ಹೇಗೆ ಕಳೆಯುತ್ತದೆ ಎನ್ನುವುದು ಒಂದು ವರ್ಷ ಮುಂಚೆ ನೀವು ಮನೆಯಲ್ಲಿ ಕೂತು ಮಾಡಿದ ಕೆಲಸದ ಮೇಲೆ ನಿಂತಿರುತ್ತದೆ.

ಊರು ಮೊದಲು, ಟಿಕೆಟ್ ಆಮೇಲೆ

ಅಜ್ಜಿ ಹಂಗೇರಿ ಅಂದದ್ದು ಸುಳ್ಳಲ್ಲ. 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯಾ ಹುಟ್ಟುವವರೆಗೆ ಆ ಸೀಮೆಯೆಲ್ಲ ಹಂಗೇರಿ ರಾಜ್ಯದಲ್ಲಿತ್ತು. ಆ ರಾಜ್ಯ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಭಾಗ. ಸ್ಲೊವಾಕಿಯಾ ಸ್ವಂತ ದೇಶವಾದದ್ದು 1993ರ ಜನವರಿ 1ಕ್ಕೆ. ಹಾಗಾಗಿ ಹಳೆಯ ಅಮೆರಿಕನ್ ಕಾಗದಗಳಲ್ಲಿ ಒಂದೇ ಹೆಂಗಸಿಗೆ ಮೂರು ದೇಶದ ಹೆಸರು ಕಾಣಬಹುದು. ದೇಶದ ಹೆಸರನ್ನು ಬಿಡಿ, ಊರಿನ ಹೆಸರನ್ನು ಹಿಡಿಯಿರಿ.

ಊರಿನ ಹೆಸರು ಎಲ್ಲಿ ಸಿಗುತ್ತದೆ? ಅಮೆರಿಕಕ್ಕೆ ವಲಸೆ ಬಂದವರ ಹಡಗಿನ ಪಟ್ಟಿಯಲ್ಲಿ. 1907ರ ನಂತರದ ಪಟ್ಟಿಗಳು ಬಹಳ ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಹುಟ್ಟಿದ ಊರಿನ ಜೊತೆಗೆ ಬಿಟ್ಟು ಬಂದ ದೇಶದಲ್ಲಿರುವ ಹತ್ತಿರದ ಸಂಬಂಧಿಯ ಹೆಸರನ್ನೂ ಬರೆಸುತ್ತಿದ್ದರು. ಅತ್ತೆಯ ಅಜ್ಜಿ ಜರ್ಮನಿಯ ಬ್ರೆಮೆನ್ ಬಂದರಿನಿಂದ ಹೊರಟು 1909ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದವರು. ಆಗ ಅವರಿಗೆ ಹದಿನೆಂಟು ವರ್ಷ. ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು, ಊರಿನ ಹೆಸರೂ ಇತ್ತು. ಬರೆದುಕೊಂಡ ಗುಮಾಸ್ತ ಕೇಳಿಸಿದಂತೆ ಗೀಚಿದ್ದ. ಎರಡನೆಯ ಮೂಲ, ಅಮೆರಿಕದಲ್ಲಿ ಅವರು ಮದುವೆಯಾದ ಚರ್ಚಿನ ದಫ್ತರು. ಸ್ಲೊವಾಕ್ ಪಾದ್ರಿಗಳಿಗೆ ಊರಿನ ಹೆಸರು ಸರಿಯಾಗಿ ಬರೆಯುವುದು ಗೊತ್ತಿತ್ತು. ಮೂರನೆಯದು ಸಹಾಯ ಸಂಘಗಳ ವಿಮೆ ಕಾಗದ. ಉಕ್ಕಿನ ಕಾರ್ಖಾನೆಯಲ್ಲಿ ಸತ್ತರೆ ಹೆಂಡತಿ ಮಕ್ಕಳಿಗೆ ಗತಿಯಿಲ್ಲವೆಂದು ಈ ಕೂಲಿಕಾರರೇ ಕೂಡಿ ಸಂಘ ಕಟ್ಟಿಕೊಂಡಿದ್ದರು. ನ್ಯಾಷನಲ್ ಸ್ಲೊವಾಕ್ ಸೊಸೈಟಿ 1890ರಲ್ಲಿ ಪಿಟ್ಸ್‌ಬರ್ಗಿನಲ್ಲೇ ಶುರುವಾದದ್ದು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅಂಥ ಹಳದಿ ಕಾಗದ ಸಿಕ್ಕರೆ ಎಸೆಯಬೇಡಿ.

ಹೆಸರು ಸಿಕ್ಕ ಮೇಲೆ ಉಚ್ಚಾರದ ಗಂಟು ಬಿಡಿಸಬೇಕು. ಹಂಗೇರಿ ಬರಹದಲ್ಲಿ 'ಎಸ್' ಒಂದೇ ಬಂದರೆ ಅದು 'ಶ'. 'ಎಸ್' ಜೊತೆ 'ಝಡ್' ಬಂದರೆ 'ಸ'. 'ಸಿ' ಜೊತೆ 'ಎಸ್' ಬಂದರೆ 'ಚ'. ಇಷ್ಟು ಗೊತ್ತಾದರೆ ಅರ್ಧ ಕಷ್ಟ ಕಳೆಯಿತು. ಜೊತೆಗೆ ಎಲ್ಲ ದೊಡ್ಡ ಊರಿಗೂ ಎರಡು ಹೆಸರು. ಈಗಿನ ಕೊಶಿತ್ಸೆ ಆಗ ಕಾಶ್ಶಾ, ಪ್ರೆಶೊವ್ ಆಗ ಎಪೆರ್ಯೆಶ್, ಬಾರ್ದೆಯೊವ್ ಆಗ ಬಾರ್ತ್‌ಫಾ, ಲೆವೊಚಾ ಆಗ ಲೋಚೆ. ಸಾಲದ್ದಕ್ಕೆ, ಒಂದು ಊರಿಗೆ ಒಂದೇ ಹೆಸರಿರಬೇಕೆಂದು ಹಂಗೇರಿ ಸರ್ಕಾರ 1898ರಲ್ಲಿ ಕಾನೂನು ಮಾಡಿ ಎಷ್ಟೋ ಹಳ್ಳಿಗಳ ಹೆಸರು ಬದಲಿಸಿತು. ಅಜ್ಜಿಯ ಅಣ್ಣನ ಕಾಗದದಲ್ಲಿ ಒಂದು ಹೆಸರು, ತಂಗಿಯ ಕಾಗದದಲ್ಲಿ ಇನ್ನೊಂದು ಇರುವುದಕ್ಕೆ ಇದೂ ಒಂದು ಕಾರಣ.

ಒಂದೇ ಹೆಸರಿನ ಊರುಗಳು ನಾಲ್ಕಾರು ಇರುತ್ತವೆ ಎಂಬುದನ್ನು ಮಾತ್ರ ಮರೆಯಬೇಡಿ. ನಮ್ಮಲ್ಲಿ ಹೊಸಹಳ್ಳಿ, ಹೊಸೂರು ಎಷ್ಟಿವೆಯೋ ಹಾಗೆ. ನಮ್ಮ ಬಸ್ಸಿನಲ್ಲಿ ಓಹಾಯೋದಿಂದ ಬಂದ ಹಿರಿಯರೊಬ್ಬರು ಇದ್ದರು. ಅವರ ಅಜ್ಜನ ಊರು ಲೂಚ್ಕಾ. ಸ್ವಿದ್ನೀಕ್ ಹತ್ತಿರದ ಲೂಚ್ಕಾಕ್ಕೆ ಕಾರು ಗೊತ್ತು ಮಾಡಿಕೊಂಡು ಹೋದರು. ಸ್ಮಶಾನದಲ್ಲಿ ಎರಡು ಗಂಟೆ ಹುಡುಕಿದರೂ ತಮ್ಮ ಮನೆತನದ ಹೆಸರಿನ ಒಂದು ಕಲ್ಲೂ ಇಲ್ಲ. ಸಂಜೆ ಹೋಟೆಲಿನಲ್ಲಿ ಮಾರ್ಗದರ್ಶಿ ಅವರ ಕಾಗದಗಳನ್ನು ಬಿಡಿಸಿ ನೋಡಿದಾಗ ಮೂಲೆಯಲ್ಲಿ 'ಸೆಪೆಶ್' ಎಂಬ ಜಿಲ್ಲೆಯ ಹೆಸರಿತ್ತು. ಸೆಪೆಶ್ ಎಂದರೆ ಈಗಿನ ಸ್ಪಿಶ್ ಸೀಮೆ. ಅವರ ಲೂಚ್ಕಾ ಇದ್ದದ್ದು ಸುಮಾರು ನೂರು ಕಿಲೋಮೀಟರ್ ಆಚೆ, ಲೆವೊಚಾ ಜಿಲ್ಲೆಯಲ್ಲಿ. ಆ ದೇಶದಲ್ಲಿ ಲೂಚ್ಕಾ ಎಂಬ ಹೆಸರಿನ ಹಳ್ಳಿಗಳು ನಾಲ್ಕು ಜಿಲ್ಲೆಗಳಲ್ಲಿವೆ. ಎರಡು ದಿನ ಬಿಟ್ಟು ಬಸ್ಸು ಲೆವೊಚಾಕ್ಕೆ ಬಂದಾಗ ಅವರು ತಮ್ಮ ಮಧ್ಯಾಹ್ನದ ಊಟ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿಬಂದರು. ಎಲ್ಲರಿಗೂ ಇಂಥ ಎರಡನೆಯ ಅವಕಾಶ ಸಿಗುವುದಿಲ್ಲ. ಹಾಗಾಗಿ ಊರಿನ ಹೆಸರು, ಹಳೆಯ ಜಿಲ್ಲೆಯ ಹೆಸರು, ಯಾವ ಪಂಥದ ಚರ್ಚು ಎಂಬ ಮೂರೂ ಒಟ್ಟಿಗೆ ಸಿಕ್ಕಿದ ಮೇಲೆಯೇ ಪ್ರವಾಸಕ್ಕೆ ದುಡ್ಡು ಕಟ್ಟಿ. ರೋಮನ್ ಕ್ಯಾಥೊಲಿಕ್, ಗ್ರೀಕ್ ಕ್ಯಾಥೊಲಿಕ್, ಲೂಥರನ್, ಯಹೂದಿ, ಹೀಗೆ ಒಬ್ಬೊಬ್ಬರ ದಫ್ತರು ಒಂದೊಂದು ಕಡೆ.

ಅತ್ತೆಯ ವಿಷಯದಲ್ಲಿ ಜಿಲ್ಲೆಯನ್ನು ಖಾತ್ರಿ ಮಾಡಿದ್ದು ಒಂದು ತರಕಾರಿ. ಅಜ್ಜಿಯಿಂದ ಅವರು ಕಲಿತಿದ್ದ ಹತ್ತು ಹನ್ನೆರಡು ಮಾತುಗಳಲ್ಲಿ 'ಗ್ರುಲೆ' ಒಂದು, ಆಲೂಗಡ್ಡೆ ಎಂದು ಅರ್ಥ. ಪುಸ್ತಕದ ಸ್ಲೊವಾಕ್ ಭಾಷೆಯಲ್ಲಿ ಅದು 'ಜೆಮಿಯಾಕಿ'. ಪೂರ್ವದ ಜೆಂಪ್ಲೀನ್ ಕಡೆ 'ಕ್ರುಂಪ್ಲೆ' ಅನ್ನುತ್ತಾರೆ. ಗ್ರುಲೆ ಅನ್ನುವುದು ಸ್ಪಿಶ್ ಕಡೆಯ ಮಾತು. ಮನೆಯ ಹಿರಿಯರು ಇನ್ನೂ ಇದ್ದರೆ ಇವತ್ತೇ ಕೂತು, ಅವರ ಅಜ್ಜಿ ಆಲೂಗಡ್ಡೆಗೆ, ಅಜ್ಜಿಗೆ, ಹುಂಜಕ್ಕೆ ಏನನ್ನುತ್ತಿದ್ದರು ಎಂದು ಕೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಧಾರವಾಡದವರು ಯಾರು, ಮಂಗಳೂರಿನವರು ಯಾರು ಎಂದು ನಾವು ಎರಡು ಮಾತಿನಲ್ಲಿ ಗುರುತಿಸುವುದಿಲ್ಲವೇ?

ಇನ್ನು ಹುಟ್ಟಿನ ದಾಖಲೆ. ಅದಕ್ಕೆ ಅಲ್ಲಿ 'ಮಾತ್ರಿಕಾ' ಎನ್ನುತ್ತಾರೆ. 1895ರ ಅಕ್ಟೋಬರ್ 1ರಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರ ಬರೆಯತೊಡಗಿತು. ಅದಕ್ಕೂ ಹಿಂದಿನದೆಲ್ಲ ಚರ್ಚಿನ ಪುಸ್ತಕಗಳಲ್ಲಿದೆ, ಹಳೆಯವು ಲ್ಯಾಟಿನ್‌ನಲ್ಲಿ, ಈಚಿನವು ಹೆಚ್ಚಾಗಿ ಹಂಗೇರಿಯನ್‌ನಲ್ಲಿ. ಇವುಗಳಲ್ಲಿ ಬಹುಪಾಲು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಲು ಸಿಗುತ್ತವೆ. 1869ರ ಜನಗಣತಿಯ ಹಾಳೆಗಳೂ ಅಲ್ಲಿವೆ. ಒಂದು ಮನೆಯಲ್ಲಿ ಯಾರ್ಯಾರಿದ್ದರು, ಎಷ್ಟು ದನ ಇದ್ದವು ಎಂದೂ ಅದರಲ್ಲಿ ಬರೆದಿದೆ. ನಾನು ಒಂದು ಚಳಿಗಾಲ ಪೂರ್ತಿ, ಅಡುಗೆ ಮುಗಿದ ಮೇಲೆ ದಿನಕ್ಕೆ ಇಪ್ಪತ್ತು ಪುಟದಂತೆ ನೋಡಿದೆ. ಫೆಬ್ರವರಿಯ ಒಂದು ರಾತ್ರಿ 1891ರ ದೀಕ್ಷಾಸ್ನಾನದ ಸಾಲಿನಲ್ಲಿ ಅಜ್ಜಿಯ ಹೆಸರು, ಅಪ್ಪ ಅಮ್ಮನ ಹೆಸರು, ಮನೆ ನಂಬರು 34 ಸಿಕ್ಕಿತು. ಅತ್ತೆಗೆ ಫೋನು ಮಾಡಿದೆ. ಅವರು ಏನೂ ಹೇಳಲಿಲ್ಲ, ಉಸಿರಾಡುವುದಷ್ಟೇ ಕೇಳುತ್ತಿತ್ತು. ಮರುದಿನ ಹಾವೇರಿಗೆ ಮಾಡಿ ಅಪ್ಪನಿಗೆ ಊರಿನ ಹೆಸರು ಹೇಳಿದೆ. ಅಪ್ಪನಿಗೆ ಆಗ ಎಂಬತ್ತೆರಡು. "ಹಾಂ, ಈಗ ಸರಿಯಾತು" ಅಂದರು.

(ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಇರುವವರೇ ಇನ್ನೂರು ಚಿಲ್ಲರೆ ಜನ. ಹೆಸರು ಹೇಳಿದರೆ ಮನೆ ಯಾವುದೆಂದು ಯಾರಿಗಾದರೂ ತಿಳಿದುಬಿಡುತ್ತದೆ.)

ಮನೆ ನಂಬರಿನ ಬಗ್ಗೆ ಒಂದು ಎಚ್ಚರಿಕೆ: ಆಗಿನ ನಂಬರು ಈಗಿನದಲ್ಲ. ಎಷ್ಟೋ ಊರುಗಳಲ್ಲಿ ನಂಬರು ಬದಲಾಗಿವೆ. ಆರ್ಕೇನಮ್ ಎಂಬ ಜಾಲತಾಣದಲ್ಲಿ, ಆ ಸಾಮ್ರಾಜ್ಯವನ್ನು ಆಳಿದ ಹ್ಯಾಬ್ಸ್‌ಬರ್ಗ್ ಅರಸರ ಕಾಲದ ನಕ್ಷೆಗಳನ್ನು ಈಗಿನ ನಕ್ಷೆಯ ಮೇಲೆ ಇಟ್ಟು ನೋಡಬಹುದು. ಹಳ್ಳ ಎಲ್ಲಿ, ಚರ್ಚು ಎಲ್ಲಿ, ಮನೆಗಳ ಸಾಲು ಎಲ್ಲಿ ಎಂದು ಹೋಗುವ ಮುಂಚೆಯೇ ಕಣ್ಣಿಗೆ ಕಟ್ಟುತ್ತದೆ.

ಊರವರಿಗೆ ಕಾಗದ

ಯಾವ ಪ್ರವಾಸ ಕಂಪನಿಯೂ ಇದನ್ನು ನನಗೆ ಹೇಳಿರಲಿಲ್ಲ, ಆದರೆ ಎಲ್ಲಕ್ಕಿಂತ ಫಲ ಕೊಟ್ಟದ್ದು ಇದೇ. ಸ್ಲೊವಾಕಿಯಾದ ಸಣ್ಣ ಸಣ್ಣ ಹಳ್ಳಿಗೂ 'ಒಬೆತ್ಸ್ನೀ ಊರಾದ್' ಎಂಬ ಪಂಚಾಯ್ತಿ ಕಚೇರಿ ಇದೆ, 'ಸ್ತಾರೊಸ್ತಾ' ಎಂಬ ಊರ ಅಧ್ಯಕ್ಷ ಇರುತ್ತಾರೆ, ಕಚೇರಿಗೆ ಇಮೇಲ್ ಇರುತ್ತದೆ. ಮೂರು ತಿಂಗಳು ಮುಂಚೆ ಸ್ಲೊವಾಕ್ ಭಾಷೆಯಲ್ಲೇ ಒಂದು ಪುಟದ ಕಾಗದ ಬರೆಯಿಸಿ ಕಳಿಸಿ. ಅಜ್ಜಿಯ ಪೂರ್ತಿ ಹೆಸರು, ಹುಟ್ಟಿದ ವರ್ಷ, ತಂದೆ ತಾಯಿಯ ಹೆಸರು, ಹಳೆಯ ಮನೆ ನಂಬರು, ನೀವು ಬರುವ ದಿನ ಮತ್ತು ಗಂಟೆ, ಎಷ್ಟು ಜನ ಎಂಬುದಿರಲಿ. ಒಂದು ಹಳೆಯ ಫೋಟೋ ಜೋಡಿಸಿ.

ಜೊತೆಗೆ ಒಂದು ಸಾಲು ಸ್ಪಷ್ಟವಾಗಿ ಇರಲಿ: ನಾವು ಆಸ್ತಿ ಕೇಳಲು ಬರುತ್ತಿಲ್ಲ. ಅಮೆರಿಕದ ಅತ್ತೆಗೆ ಇದು ವಿಚಿತ್ರ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಅಲ್ಲಿ ಒಂದು ತುಂಡು ಹೊಲ ತಲೆಮಾರಿನಿಂದ ತಲೆಮಾರಿಗೆ ಹಂಚಿ ಹೋಗಿ ಹತ್ತಾರು ಜನರ ಹೆಸರಿನಲ್ಲಿರುತ್ತದೆ. ಅಮೆರಿಕಕ್ಕೆ ಹೋಗಿ ಮರಳಿ ಬಾರದವರ ಹೆಸರೂ ಅದರಲ್ಲಿ ಇರಬಹುದು. ವಾರಸುದಾರರು ಯಾರೆಂದು ತಿಳಿಯದ ಜಮೀನನ್ನು ನೋಡಿಕೊಳ್ಳಲೆಂದೇ ಅಲ್ಲಿ ಸರ್ಕಾರದ ಭೂನಿಧಿ ಇದೆ. ಪಹಣಿಯಲ್ಲಿ ಹೆಸರಿರುವ ದೊಡ್ಡಪ್ಪನ ಮೊಮ್ಮಗ ನೂರು ವರ್ಷದ ಮೇಲೆ ಇದ್ದಕ್ಕಿದ್ದ ಹಾಗೆ ಬಂದು ಬಾಗಿಲು ಬಡಿದರೆ ನಮ್ಮೂರಿನವರಿಗೆ ಏನನ್ನಿಸುತ್ತದೋ ಅವರಿಗೂ ಅದೇ ಅನ್ನಿಸುತ್ತದೆ. ಆ ಅಳುಕನ್ನು ನೀವೇ ಮೊದಲು ತೆಗೆದುಬಿಡಿ.

ನಮ್ಮ ಕಾಗದಕ್ಕೆ ಆರು ವಾರ ಉತ್ತರ ಇರಲಿಲ್ಲ. ಆಮೇಲೆ ಎರಡು ಸಾಲು ಬಂತು: ಶುಕ್ರವಾರ ಹತ್ತು ಗಂಟೆಗೆ ಬನ್ನಿ, ಆ ಮನೆತನದ ಒಬ್ಬ ಹೆಂಗಸು ಇನ್ನೂ ಇಲ್ಲೇ ಇದ್ದಾರೆ.

ಬಸ್ಸನ್ನು ಆರಿಸುವುದು

ಜಾಹೀರಾತಿನಲ್ಲಿ ಕೋಟೆಗಳ ಫೋಟೋ ನೋಡಿ ಮರುಳಾಗಬೇಡಿ. ಕೇಳಬೇಕಾದ ಪ್ರಶ್ನೆ ಎರಡೇ. ನನ್ನ ಹಳ್ಳಿಗೆ ಯಾವ ದಿನ, ಎಷ್ಟು ಗಂಟೆ ಕೊಡುತ್ತೀರಿ? ನನ್ನ ಜೊತೆ ಭಾಷೆ ಬಲ್ಲವರು ಯಾರು ಬರುತ್ತಾರೆ? ಒಳ್ಳೆಯ ಏರ್ಪಾಡಿನಲ್ಲಿ ದೊಡ್ಡ ಬಸ್ಸು ಪಟ್ಟಣದಲ್ಲೇ ನಿಲ್ಲುತ್ತದೆ, ಒಂದೊಂದು ಕುಟುಂಬಕ್ಕೆ ಕಾರು ಮತ್ತು ದುಭಾಷಿ ಕೊಟ್ಟು ಬೆಳಿಗ್ಗೆ ಕಳಿಸಿ ಸಂಜೆ ಕೂಡಿಸಿಕೊಳ್ಳುತ್ತಾರೆ. ನಲವತ್ತೊಂಬತ್ತು ಸೀಟಿನ ಬಸ್ಸು ಹಳ್ಳಿಯ ಸೇತುವೆ ದಾಟಿ ತಿರುಗುವುದಕ್ಕೆ ಆಗುವುದಿಲ್ಲ. ತಿರುಗಿದರೂ ಮೂವತ್ತು ಜನ ಒಟ್ಟಿಗೆ ಒಂದು ಮುದುಕಿಯ ಅಂಗಳದಲ್ಲಿ ಇಳಿದರೆ ಆಕೆ ಯಾರ ಜೊತೆ ಮಾತಾಡಬೇಕು? ಕಾರು ಕೊಡದ ಏರ್ಪಾಡಾದರೆ ನೀವೇ ಮೊದಲೇ ಟ್ಯಾಕ್ಸಿ ಗೊತ್ತು ಮಾಡಿಕೊಳ್ಳಿ.

ಚಾಲಕರ ಗಂಟೆಗಳ ಬಗ್ಗೆಯೂ ತಿಳಿದಿರಲಿ. ಯುರೋಪಿನ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಎಲ್ಲ ಯಂತ್ರದಲ್ಲಿ ದಾಖಲಾಗುತ್ತದೆ. "ಇನ್ನೊಂದು ಅರ್ಧ ಗಂಟೆ ಇರೋಣ" ಎಂದು ಚಾಲಕರನ್ನು ಬೇಡಿದರೆ ಅವರು ಇಲ್ಲ ಅನ್ನುವುದು ಮೊಂಡುತನದಿಂದಲ್ಲ.

ನಮ್ಮ ದಾರಿ ಹೀಗಿತ್ತು: ಕೊಶಿತ್ಸೆಯಲ್ಲಿ ಇಳಿದು ಪ್ರೆಶೊವ್, ಬಾರ್ದೆಯೊವ್, ಸ್ವಿದ್ನೀಕ್, ಮೆಡ್ಜಿಲಾಬೊರ್ತ್ಸೆ, ಆಮೇಲೆ ಪಶ್ಚಿಮಕ್ಕೆ ತಿರುಗಿ ಲೆವೊಚಾ, ಪೊಪ್ರಾದ್, ಕೊನೆಗೆ ಬ್ರಾತಿಸ್ಲಾವಾ. ಜುಲೈ ಮೊದಲ ವಾರಾಂತ್ಯದಲ್ಲಿ ಲೆವೊಚಾದ ಗುಡ್ಡದ ಮೇಲೆ ಮೇರಿಯಮ್ಮನ ದೊಡ್ಡ ಜಾತ್ರೆ. ನಿಮ್ಮ ಹಿರಿಯರು ಭಕ್ತರಾದರೆ ಆಗಲೇ ಹೋಗಿ, ಇಲ್ಲವಾದರೆ ಆ ದಿನಗಳನ್ನು ಬಿಡಿ, ಆಗ ರೂಮು ಸಿಗುವುದು ಕಷ್ಟ. ಸೆಪ್ಟೆಂಬರ್ ನಮಗೆ ಒಗ್ಗಿತು, ಬೆಳಿಗ್ಗೆ ಚಳಿ, ಮಧ್ಯಾಹ್ನ ಹದವಾದ ಬಿಸಿಲು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ, ಬೇಕು, ಗ್ರೀನ್ ಕಾರ್ಡ್ ಇದ್ದರೂ ಬೇಕು. ನನಗೂ ಬೇಕಾಯಿತು. ಹೆಚ್ಚು ರಾತ್ರಿ ತಂಗುವ ದೇಶಕ್ಕೇ ಅರ್ಜಿ ಹಾಕಬೇಕು. ವಿಯೆನ್ನಾದಲ್ಲಿ ವಿಮಾನ ಇಳಿದ ಮಾತ್ರಕ್ಕೆ ಆಸ್ಟ್ರಿಯಾಕ್ಕೆ ಹಾಕಬಾರದು. ಆರು ತಿಂಗಳು ಮುಂಚಿನಿಂದ ಹಾಕಬಹುದು, ಕಡೇ ಪಕ್ಷ ಹದಿನೈದು ದಿನ ಮುಂಚೆ ಹಾಕಲೇಬೇಕು. 30,000 ಯೂರೋ ಮೊತ್ತದ ಆರೋಗ್ಯ ವಿಮೆ ಇರಬೇಕು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಅಮೆರಿಕದ ಪಾಸ್‌ಪೋರ್ಟಿನವರು ವೀಸಾ ಇಲ್ಲದೆ 180 ದಿನದಲ್ಲಿ 90 ದಿನ ಇರಬಹುದು.

ಬಸ್ಸಿನೊಳಗೆ

ಒಂಬತ್ತು ದಿನ ನೀವು ಬೇರೆಯವರ ಊರಿನ ಕಥೆ ಕೇಳಬೇಕು. ಅದನ್ನು ಮನಸ್ಸಿಟ್ಟು ಕೇಳಿ. ನಾವು ಒಂದು ಪದ್ಧತಿ ಮಾಡಿಕೊಂಡೆವು: ಯಾರ ಊರಿನ ದಿನವೋ ಅವರಿಗೆ ಅವತ್ತು ಮುಂದಿನ ಸೀಟು. ಸಂಜೆ ಬಂದ ಮೇಲೆ ಮೈಕು ಅವರ ಕೈಗೆ. ಊರಿಗೆ ಹೋದವರು ಅಳುತ್ತಾರೆ, ಕೈ ನಡುಗುತ್ತದೆ, ಫೋಟೋ ತೆಗೆಯಲು ಆಗುವುದಿಲ್ಲ. ಹಾಗಾಗಿ ಇನ್ನೊಂದು ಕುಟುಂಬದವರೊಬ್ಬರು ಕ್ಯಾಮೆರಾ ಹಿಡಿದು ಜೊತೆಗೆ ಹೋಗುವುದು. ನಾನು ಮೂರು ಊರಿಗೆ ಹೀಗೆ ಹೋದೆ. ಯಾರಿಗೂ ಸಂಬಂಧವಿಲ್ಲದ ನಾನು, ಸೀರೆ ಉಟ್ಟ ಹೆಂಗಸು, ಅಲ್ಲಿಯ ಅಜ್ಜಿಯರಿಗೆ ಬೇಗ ಹತ್ತಿರವಾದೆ.

ಎಲ್ಲರಿಗೂ ಕಾಯುವ ಮನೆ ಇರುವುದಿಲ್ಲ. ನಮ್ಮ ಬಸ್ಸಿನಲ್ಲಿ ಒಬ್ಬರ ಪೂರ್ವಜರು ಬಾರ್ದೆಯೊವ್‌ನ ಯಹೂದಿಗಳು. ಆ ಪಟ್ಟಣದ ಹಳೆಯ ಯಹೂದಿ ಕೇರಿಯೂ ಸೇರಿ ಎಲ್ಲವೂ 2000ದಲ್ಲಿ ಯುನೆಸ್ಕೊ ಪಟ್ಟಿಗೆ ಬಂದಿದೆ. ಕಟ್ಟಡ ಇದೆ, ಜನ ಇಲ್ಲ. ಐದು ದಿನದ ಮೇಲೆ ಪೊಪ್ರಾದ್ ರೈಲು ನಿಲ್ದಾಣದ ಹತ್ತಿರ ಅವರು ಬಸ್ಸು ನಿಲ್ಲಿಸಲು ಹೇಳಿದರು. 1942ರ ಮಾರ್ಚ್ 25ರಂದು ಸುಮಾರು ಸಾವಿರ ಯಹೂದಿ ಹುಡುಗಿಯರನ್ನು ಹೊತ್ತ ರೈಲು ನಾಜಿಗಳ ಆಷ್‌ವಿಟ್ಸ್ ಶಿಬಿರಕ್ಕೆ ಹೊರಟದ್ದು ಅಲ್ಲಿಂದ. ಅವರು ಇಳಿದರು, ನಾವೆಲ್ಲ ಹಿಂದೆ ಇಳಿದು ನಿಂತೆವು. ಯಾರೂ ಫೋಟೋ ತೆಗೆಯಲಿಲ್ಲ. ನಿಮ್ಮ ಬಸ್ಸಿನಲ್ಲಿ ಇಂಥವರು ಇದ್ದರೆ ಅವರ ನಿಲುಗಡೆಗೂ ಸಮಯ ಇಡುವಂತೆ ಮಾರ್ಗದರ್ಶಿಗೆ ಮೊದಲೇ ಹೇಳಿಡಿ.

ನೋಡಬೇಕಾದವುಗಳಲ್ಲಿ ನನ್ನ ಮನಸ್ಸು ಹಿಡಿದದ್ದು ಮರದ ಚರ್ಚುಗಳು. ಬಾರ್ದೆಯೊವ್ ಹತ್ತಿರ ಹೆರ್ವಾರ್ತೊವ್, ಸ್ವಿದ್ನೀಕ್ ಕಡೆ ಬೊದ್ರುಜಾಲ್ ಮತ್ತು ಲಾದೊಮಿರೊವಾ, ಇವು 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಒಳಗೆ ಕಾಲಿಟ್ಟರೆ ಹಳೆಯ ಮರದ, ಮೇಣದ ವಾಸನೆ. ಲೆವೊಚಾದ ಚರ್ಚಿನಲ್ಲಿ ಮಾಸ್ಟರ್ ಪಾಲ್ ಎಂಬ ಶಿಲ್ಪಿ ಕೆತ್ತಿದ 18.6 ಮೀಟರ್ ಎತ್ತರದ ಮರದ ಪೂಜಾಪೀಠ ಇದೆ, ಕುತ್ತಿಗೆ ಎತ್ತಿ ನೋಡಬೇಕು. ಮೆಡ್ಜಿಲಾಬೊರ್ತ್ಸೆಯಲ್ಲಿ ಪಿಟ್ಸ್‌ಬರ್ಗಿನವರಿಗೆ ಖುಷಿಯಾಗುವ ಸಂಗತಿ ಒಂದಿದೆ. ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ ಚಿತ್ರಕಾರ ಆಂಡಿ ವಾರ್ಹಾಲ್‌ನ ತಂದೆ ತಾಯಿ ಅದರ ಪಕ್ಕದ ಮಿಕೊವಾ ಹಳ್ಳಿಯವರು, ಪಟ್ಟಣದಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ.

ಊಟದ ವಿಷಯ. ಶಾಕಾಹಾರಿಗಳು 'ಬೆಜ್ ಮೆಸಾ', ಅಂದರೆ ಮಾಂಸವಿಲ್ಲದೆ, ಎಂಬುದನ್ನು ಬಾಯಿಪಾಠ ಮಾಡಿ. ಅಲ್ಲಿಯ ಮುಖ್ಯ ತಿನಿಸು ಬ್ರಿಂಜೊವೆ ಹಲುಶ್ಕಿ, ಆಲೂಗಡ್ಡೆ ಹಿಟ್ಟಿನ ಸಣ್ಣ ಕಡುಬುಗಳ ಮೇಲೆ ಕುರಿಹಾಲಿನ ಚೀಸು. ಮೇಲೆ ಹಂದಿ ಕೊಬ್ಬು ಉದುರಿಸುತ್ತಾರೆ, 'ಬೆಜ್ ಸ್ಲಾನಿನಿ' ಎಂದರೆ ಬಿಡುತ್ತಾರೆ. ಚೀಸು ಮಾಡಲು ಪ್ರಾಣಿಜನ್ಯ ಹೆಪ್ಪು ಹಾಕುವುದುಂಟು, ಕಟ್ಟುನಿಟ್ಟಿನವರು ವಿಚಾರಿಸಿ. ಪಿರೋಹಿ ಎಂಬುದು ನೋಡಲು ನಮ್ಮ ಕರ್ಜಿಕಾಯಿ ಆಕಾರ, ಬೇಯಿಸಿದ್ದು, ಆಲೂಗಡ್ಡೆ ಹೂರಣದ್ದು ಸಿಗುತ್ತದೆ. ಶೇಂಗಾ ಚಟ್ನಿಪುಡಿ ಒಯ್ಯಿರಿ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪಿನೊಳಗೆ ತರುವಂತಿಲ್ಲ, ಆದ್ದರಿಂದ ಧಾರವಾಡ ಪೇಡೆ, ತುಪ್ಪ ಬೇಡ.

ಭಾಷೆ ನಮಗೆ ಅವರಂದುಕೊಂಡಷ್ಟು ಕಷ್ಟವಲ್ಲ. ಹ್ರಸ್ವ ದೀರ್ಘ ನಮ್ಮ ಹಾಗೆಯೇ ಬೇರೆ ಬೇರೆ, ಅಕ್ಷರದ ಮೇಲೆ ಗೆರೆ ಎಳೆದಿದ್ದರೆ ದೀರ್ಘ. ನಾವು ವರ್ಣಮಾಲೆಯಲ್ಲಿ ಓದಿ ಮರೆತ ೠ ಸ್ವರ ಅಲ್ಲಿ ಇನ್ನೂ ಬಾಯಲ್ಲಿದೆ. ನೀರ ಬದಿಯ ವಿಲೋ ಮರಕ್ಕೆ ಅವರು 'ವೄಬಾ' ಎನ್ನುತ್ತಾರೆ. ಅಮೆರಿಕದವರ ನಾಲಿಗೆ ಅಲ್ಲಿ ತಡವರಿಸಿತು, ನನ್ನದು ತಡವರಿಸಲಿಲ್ಲ. ಸಿಕ್ಕವರಿಗೆಲ್ಲ ಮೊದಲು 'ದೊಬ್ರೀ ದ್ಯೆನ್' ಅನ್ನಿ, ಹೊರಡುವಾಗ 'ದ್ಯಾಕುಯೆಮ್', ಅಂದರೆ ಧನ್ಯವಾದ.

ಆ ನಾಲ್ಕು ಗಂಟೆ

ಮನೆಗೆ ಹೋಗುವಾಗ ಹೂವು ಒಯ್ಯಿರಿ, ಬೆಸ ಸಂಖ್ಯೆಯಲ್ಲಿ. ಸಮಸಂಖ್ಯೆಯ ಹೂವು ಅಲ್ಲಿ ಸತ್ತವರಿಗೆ. ಬಾಗಿಲಲ್ಲಿ ಚಪ್ಪಲಿ ಬಿಡಿ. ಅಲ್ಲಿಯವರೂ ನಮ್ಮ ಹಾಗೆ ಹೊರಗಿನದನ್ನು ಒಳಗೆ ಮೆಟ್ಟುವುದಿಲ್ಲ, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಡುತ್ತಾರೆ. ಬೆಳಿಗ್ಗೆ ಹತ್ತಕ್ಕೇ ಪ್ಲಮ್ ಹಣ್ಣಿನ ಮದ್ಯ ಬರಬಹುದು. ಕುಡಿಯದವರು ಎದೆಯ ಮೇಲೆ ಕೈಯಿಟ್ಟು 'ನೆಪಿಯೆಮ್' ಅಂದರೆ ಬೇಸರಪಡುವುದಿಲ್ಲ. ನಾನು ಒಯ್ದದ್ದು ಮೈಸೂರು ಸ್ಯಾಂಡಲ್ ಸೋಪಿನ ಒಂದು ಡಬ್ಬಿ ಮತ್ತು ಹನ್ನೆರಡು ಫೋಟೋಗಳ ಪ್ರತಿ. ಪ್ರತಿ ಫೋಟೋದ ಹಿಂದೆ ಹೆಸರು, ವರ್ಷ ಬರೆದಿದ್ದೆ. ಫೋನಿನಲ್ಲಿ ತೋರಿಸಿ ವಾಪಸು ಜೇಬಿಗೆ ಹಾಕಿಕೊಳ್ಳುವುದಕ್ಕಿಂತ ಕೈಗೆ ಕೊಟ್ಟು ಬರುವ ಕಾಗದ ಮುಖ್ಯ. ಅಮೆರಿಕಕ್ಕೆ ಹೋದವಳು ಏನಾದಳು ಎಂದು ಅವರಿಗೂ ನೂರು ವರ್ಷದಿಂದ ಗೊತ್ತಿರುವುದಿಲ್ಲ.

ಸ್ಮಶಾನದ ವಿಷಯದಲ್ಲಿ ಹಿರಿಯರನ್ನು ಮೊದಲೇ ಅಣಿಗೊಳಿಸಿ. ಅಲ್ಲಿ ಗೋರಿಯ ಜಾಗ ಬಾಡಿಗೆಯದು. ಕಟ್ಟುವವರು ಇಲ್ಲವಾದರೆ ಕಾಲಾನಂತರ ಅದೇ ಜಾಗದಲ್ಲಿ ಬೇರೆಯವರನ್ನು ಹೂಳುತ್ತಾರೆ. ಮುತ್ತಜ್ಜನ ಕಲ್ಲು ಸಿಗುತ್ತದೆಂದು ನಂಬಿ ಹೋದರೆ ಎದೆ ಒಡೆಯುತ್ತದೆ. ನಾನು ಇದನ್ನು ಅತ್ತೆಗೆ ಹೇಳಿರಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ. ಅವರು ಸಾಲು ಸಾಲಾಗಿ ಹುಡುಕಿ ಬಂದು ಗೇಟಿನ ಹತ್ತಿರ ಕೂತುಬಿಟ್ಟರು. ಒಂದೇ ಅಡ್ಡಹೆಸರಿನ ಕಲ್ಲುಗಳು ಹತ್ತಿದ್ದರೂ ಎಲ್ಲ ಸಂಬಂಧಿಕರಲ್ಲ, ಹೆಂಗಸರ ಹೆಸರಿನ ಕೊನೆಗೆ 'ಓವಾ' ಸೇರಿರುತ್ತದೆ, ಇದೂ ತಿಳಿದಿರಲಿ. ನಮ್ಮ ಜೊತೆ ಬಂದಿದ್ದ ಆ ಮನೆತನದ ಹೆಂಗಸು, ಎಂಬತ್ತರ ಮೇಲಿನವರು, ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡಕ್ಕೆ ಅತ್ತೆಯನ್ನು ಕೈಹಿಡಿದು ಕರೆದೊಯ್ದರು. ಗೋರಿ ಕಳೆದುಹೋದವರಿಗೆ ಅಲ್ಲಿ ದೀಪ ಹಚ್ಚುತ್ತಾರಂತೆ. ಕೆಂಪು ಗಾಜಿನ ದೀಪಗಳು ಅಲ್ಲಿಯ ಯಾವ ಅಂಗಡಿಯಲ್ಲೂ ಸಿಗುತ್ತವೆ, ಎರಡು ಹೆಚ್ಚೇ ತೆಗೆದುಕೊಂಡು ಹೋಗಿ.

34ನೇ ನಂಬರಿನ ಮನೆ ಇರಲಿಲ್ಲ. ಆ ಜಾಗದಲ್ಲಿ ಒಂದು ಸೇಬಿನ ಮರ, ಕಟ್ಟಿಗೆಯ ರಾಶಿ. ಅತ್ತೆಗೆ ಒಂದು ಹಿಡಿ ಮಣ್ಣು ಬೇಕಿತ್ತು. ಅನುಮತಿ ಇಲ್ಲದೆ ಅಮೆರಿಕದೊಳಗೆ ಹೊರಗಿನ ಮಣ್ಣು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ. ಅಲ್ಲಿ ಅವಮಾನವಾಗುವುದಕ್ಕಿಂತ ಬೇರೇನಾದರೂ ತನ್ನಿ. ನಾವು ತಂದದ್ದು ಶಬ್ದ. ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಂಟೆ ಬಾರಿಸುತ್ತಾರೆ ಎಂದು ಆ ಹೆಂಗಸು ಹೇಳಿದ್ದರು. ಹನ್ನೆರಡಕ್ಕೆ ಐದು ನಿಮಿಷ ಮುಂಚೆ ನಾವು ಸೇಬಿನ ಮರದ ಕೆಳಗೆ ನಿಂತು ಫೋನು ಚಾಲೂ ಮಾಡಿದೆವು. ಧ್ವನಿಮುದ್ರಣದಲ್ಲಿ ಗಂಟೆಯ ಜೊತೆಗೆ ಒಂದು ನಾಯಿ ಬೊಗಳುವುದೂ ಅತ್ತೆ ಮೂಗು ಒರೆಸಿಕೊಳ್ಳುವುದೂ ಇದೆ. ನಿಮ್ಮ ಊರಿನ ಗಂಟೆ ಯಾವಾಗ ಎಂದು ಕಾಗದದಲ್ಲೇ ಕೇಳಿಡಿ, ಆ ಹೊತ್ತಿಗೆ ಅಲ್ಲಿರುವ ಹಾಗೆ ಕಾರು ಗೊತ್ತು ಮಾಡಿ.

ಹೊರಡುವ ಮುಂಚೆ ವಿಳಾಸವನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ, ಐದಂಕಿಯ ಪಿನ್ ಕೋಡ್ ಸಮೇತ. ಇಮೇಲ್ ಕೇಳಿದರೆ ಮೊಮ್ಮಗನದು ಕೊಡುತ್ತಾರೆ, ಅವನು ಉತ್ತರಿಸುವುದಿಲ್ಲ. ಕ್ರಿಸ್‌ಮಸ್‌ಗೆ ಕಾರ್ಡು ಮುಟ್ಟಬೇಕಾದರೆ ನವೆಂಬರ್ ಕೊನೆಯೊಳಗೆ ಅಂಚೆಗೆ ಹಾಕಬೇಕು. ಮೊದಲ ವರ್ಷ ಮಾರ್ಗದರ್ಶಿಯಿಂದ ನಾಲ್ಕು ಸಾಲು ಬರೆಸಿ ಇಟ್ಟುಕೊಂಡಿದ್ದೆವು. ಈ ಸಲ ಅತ್ತೆ ತಾವೇ ಬರೆಯುತ್ತೇನೆಂದು ನಿಘಂಟು ಹಿಡಿದು ಕೂತಿದ್ದಾರೆ. ಆಲೂಗಡ್ಡೆ ಎಂಬಲ್ಲಿ ನಿಘಂಟಿನ ಮಾತು ಹೊಡೆದುಹಾಕಿ 'ಗ್ರುಲೆ' ಎಂದೇ ಬರೆದಿದ್ದಾರೆ.